ಹಳ್ಳಿಯೋ, ಹಲ್ಲಿಯೋ?

ತುಂಗಭದ್ರೆಯ ಎಡದಂಡೆಯಲ್ಲಿ, ಆನೆಗೊಂದಿಯ ನೆರೆಯಲ್ಲಿ ಹನುಮನಹಳ್ಳಿ ಎಂಬ ಗ್ರಾಮವಿರುವದು. ಈ ಸೀಮೆಯೇ ಕಿಷ್ಕಿಂಧೆಯೆಂದೂ, ಅಲ್ಲಿಯ ಅಂಜನಾದ್ರಿಯೇ ಆಂಜನೇಯನ ಜನ್ಮಸ್ಥಾನವೆಂದೂ ಜನರು ಪರಂಪರೆಯಿಂದ ನಂಬಿಕೊಂಡು ಬಂದಿರುವರು. ಕಿಷ್ಕಿಂಧಾಕಾಂಡದಲ್ಲಿ ಶ್ರೀರಾಮನು ಹನುಮಂತನನ್ನು ಕಂಡೊಡನೆ ಮೆಚ್ಚಿದ್ದು ಅವನ ವ್ಯಾಕರಣಶುದ್ಧವಾದ ಮಾತಿಗಾಗಿ ಎಂಬದು ವಾಚಕರಿಗೆ ವಿದಿತವೇ ಇದೆ. ಅಂಥವನ ಹೆಸರನ್ನು ಹೊತ್ತ ಊರಿಗೆ ಒಂದು ಲಕೋಟೆಯ ಮೇಲೆ ಒದಗಿದ ಗತಿಯನ್ನು ಈಚೆಗೆ ಕಂಡೆವು. ಅಚ್ಚಾದ ವಿಳಾಸದಲ್ಲಿ ‘ಹನುಮನಹಲ್ಲಿ’ ಎಂದಿತ್ತು! ರೋಮನ್ ಅಕ್ಷರಗಳಲ್ಲಿದ್ದ ಪಟ್ಟಿಯಿಂದ ಯಾರೋ, ಅಥವಾ ಯಾವದೋ ಯಂತ್ರವೋ, ಹೆಸರನ್ನು ಮರಳಿ ಕನ್ನಡಕ್ಕೆ ತಂದಿರಬೇಕು. ಜನರು ವಾಸಿಸುವ ಗ್ರಾಮವು ಗೋಡೆಯ ಮೇಲಿನ ಹಲ್ಲಿಯಾಗಿ ಹೋಯಿತು.

ಇದನ್ನು ಕೇವಲ ನಗೆಯ ಮಾತೆಂದು ಬಿಡಲಾಗದು. ನಾಲಗೆಯ ತುದಿಯು ಹಲ್ಲಿನ ಬುಡವನ್ನು ಮುಟ್ಟಿದರೆ ಲಕಾರ, ಹಿಂದಕ್ಕೆ ಮಡಿಸಿ ಮೇಲಂಗಳವನ್ನು ಮುಟ್ಟಿದರೆ ಳಕಾರ. ಅಂತರವು ಒಂದೆರಡು ಬೆರಳಿನಷ್ಟೂ ಇಲ್ಲ. ಆದರೆ ಅಷ್ಟರಲ್ಲಿಯೇ ಹುಲಿಯು ಹುಳಿಯಾಗುವದು, ಕಲೆಯು ಕಳೆಯಾಗುವದು. ನಕಾರವು ಣಕಾರವಾದರೆ ವಾಸಿಸುವ ಮನೆಯು ಕುಳಿತುಣ್ಣುವ ಮಣೆಯಾಗುವದು. ಒಂದು ತಕಾರವನ್ನು ಒತ್ತಿ ನುಡಿದರೆ ಹೇಳುವ ಕತೆಯು ಹೊರೆ ಹೊರುವ ಕತ್ತೆಯಾಗುವದು. ಸ್ವರಗಳು ಮಾತಿಗೆ ಉಸಿರಾದರೆ ವ್ಯಂಜನಗಳು ಅದರ ಎಲುಬು.

ನಮ್ಮ ಹಿರಿಯರು ಇದನ್ನು ಚೆನ್ನಾಗಿ ಅರಿತಿದ್ದರು. ಪಾಠಶಾಲೆಯಲ್ಲಿ ನಾವು ರಾಗವಾಗಿ ಒಪ್ಪಿಸಿದ ಕ ಖ ಗ ಘ ಙ ಎಂಬ ಸಾಲು ಬಾಯಿಯ ಒಂದು ನಕಾಶೆಯೇ ಆಗಿದೆ. ಕಂಠದಿಂದ ಹೊರಟು, ತಾಲು, ಮೂರ್ಧ, ದಂತಗಳನ್ನು ದಾಟಿ ತುಟಿಗಳಿಗೆ ಬಂದು ನಿಲ್ಲುವ ಐದು ವರ್ಗಗಳು. ಒಂದೊಂದು ವರ್ಗದಲ್ಲಿ ಅಲ್ಪಪ್ರಾಣ, ಮಹಾಪ್ರಾಣ, ಅನುನಾಸಿಕಗಳ ಕ್ರಮ. ವರ್ಗೀಯಗಳು 25, ಅವರ್ಗೀಯಗಳು 9, ಒಟ್ಟು 34 ವ್ಯಂಜನಗಳು.

ಇಂಗ್ಲಿಷಿನ ವ್ಯವಸ್ಥೆಯೇ ಬೇರೆ. ಅಲ್ಲಿ ವ್ಯಂಜನಾಕ್ಷರಗಳು 21, ವ್ಯಂಜನಧ್ವನಿಗಳು ಸುಮಾರು 24. ಹೀಗಿದ್ದರೂ ‘ಸಿ’, ‘ಕೆ’, ‘ಕ್ಯೂ’ ಎಂಬ ಮೂರು ಅಕ್ಷರಗಳು ಒಂದೇ ಕಕಾರಕ್ಕೆ ದುಡಿಯುವವು. ಶಕಾರ, ಚಕಾರಗಳಿಗೋ ಎರಡೆರಡು ಅಕ್ಷರಗಳನ್ನು ಜೋಡಿಸಬೇಕು. ‘ನೈಫ್’ ಶಬ್ದದ ಮೊದಲಿಗೆ ಬರೆಯುವ ‘ಕೆ’ ಅಕ್ಷರವನ್ನು ಹಿಂದಿನ ಇಂಗ್ಲಿಷರು ಉಚ್ಚರಿಸುತ್ತಿದ್ದರು. ಧ್ವನಿ ಸತ್ತರೂ ಅಕ್ಷರ ಉಳಿದಿದೆ. ‘ಪಿನ್’ ಎನ್ನುವಾಗ ಇಂಗ್ಲಿಷನ ಪಕಾರದಲ್ಲಿ ಮಹಾಪ್ರಾಣದ ಉಸಿರು ಇರುವದು, ‘ಸ್ಪಿನ್’ ಎನ್ನುವಾಗ ಇರದು. ಅರ್ಥಭೇದವಾಗದ ಕಾರಣ ಅವನ ಕಿವಿಗೆ ಆ ವ್ಯತ್ಯಾಸವೇ ತಿಳಿಯದು. ಅವರ ‘ಟಿ’ ನಮ್ಮ ತಕಾರವೂ ಅಲ್ಲ, ಟಕಾರವೂ ಅಲ್ಲ; ಎರಡರ ನಡುವಿನದು. ‘ಹ್ಯಾಪಿ’ ಎಂಬಲ್ಲಿ ಎರಡು ‘ಪಿ’ಗಳನ್ನು ಬರೆದರೂ ನುಡಿಯುವದು ಒಂದನ್ನೇ. ಕೊಪ್ಪಳದ ಒತ್ತಕ್ಷರವನ್ನು ಅವರು ಸಡಿಲವಾಗಿ ನುಡಿದರೆ ಅದು ಅಲಕ್ಷ್ಯವಲ್ಲ, ಅಭ್ಯಾಸ.

ಇದಕ್ಕಾಗಿ ಇಂಗ್ಲಿಷನ್ನು ಹಳಿಯುವದು ನ್ಯಾಯವಲ್ಲ. ಬಾಯಿಯಿಂದ ಹೊರಡಬಹುದಾದ ಧ್ವನಿಗಳಲ್ಲಿ ಪ್ರತಿಯೊಂದು ಭಾಷೆಯೂ ತನಗೆ ಬೇಕಾದಷ್ಟನ್ನೇ ಆರಿಸಿಕೊಳ್ಳುವದು. ಹವಾಯಿ ದ್ವೀಪದ ಭಾಷೆಗೆ ಎಂಟೇ ವ್ಯಂಜನಗಳು ಸಾಕಾಗಿವೆ. ನೆರೆಯ ತಮಿಳು ಕಕಾರ ಗಕಾರಗಳೆರಡನ್ನೂ ಒಂದೇ ಅಕ್ಷರದಿಂದ ಬರೆಯುವದು. ಉರ್ದುವಿನಲ್ಲಿ ಒಂದೇ ಸಕಾರಕ್ಕೆ ಮೂರು ಅಕ್ಷರಗಳಿದ್ದರೂ ಣ, ಳಗಳಿಗೆ ಪ್ರತ್ಯೇಕ ಅಕ್ಷರಗಳಿಲ್ಲ. 1948 ರ ಸೆಪ್ಟೆಂಬರಿನ ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಸೀಮೆಯಲ್ಲಿ ಉರ್ದುವೇ ಆಡಳಿತಭಾಷೆಯಾಗಿತ್ತು. ಆ ಲಿಪಿಯ ಕಾಗದಪತ್ರಗಳಲ್ಲಿಯೂ ನಮ್ಮ ಹಳ್ಳಿಗಳು ಳಕಾರವನ್ನು ಕಳೆದುಕೊಂಡೇ ಇದ್ದವು.

“ಕನ್ನಡದ ವ್ಯಂಜನಗಳೂ ಬದಲಾಗಲಿಲ್ಲವೇ?” ಎಂದು ಯಾರಾದರೂ ಕೇಳಬಹುದು. ನಿಜ, ಬದಲಾಗಿವೆ. ಇಂದಿನ ‘ಹಳ್ಳಿ’ ಹಳಗನ್ನಡದ ‘ಪಳ್ಳಿ’. ‘ಹಾಲು’ ಅಂದಿನ ‘ಪಾಲ್’. ಹನುಮನಹಳ್ಳಿಯ ಸೀಮೆಯಲ್ಲಿ ಈ ಇತಿಹಾಸವು ಕಣ್ಣಿಗೇ ಕಾಣುವದು: ಈ ದಂಡೆಯ ಸರೋವರವು ಸಂಸ್ಕೃತ ರೂಪವನ್ನು ಬಿಡದೆ ಪಂಪೆಯಾಗಿಯೇ ಇದೆ, ಹೊಳೆಯ ಆಚೆಯ ಕ್ಷೇತ್ರವು ಕನ್ನಡಿಗರ ಬಾಯಲ್ಲಿ ಹಂಪೆಯಾಗಿದೆ. ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲಿ ತಿರುಳ್ಗನ್ನಡದ ನಾಡಿನ ಎಲ್ಲೆಯಲ್ಲಿ ಎಣಿಸಿದ ಕೊಪಣವೇ ಇಂದಿನ ಕೊಪ್ಪಳ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ವಿಚಾರಿಸಿದ ಱ, ೞ ಎಂಬ ಅಕ್ಷರಗಳು ಇಂದು ಬಳಕೆಯಲ್ಲಿಲ್ಲ. ಆದರೆ ಅವು ಜನರ ನಾಲಗೆಯ ಮೇಲೆ ಶತಮಾನಗಳ ಕಾಲ ಮೆಲ್ಲಗೆ ಸವೆದು ಹೋದವು. ಹಳ್ಳಿಯನ್ನು ಹಲ್ಲಿಯೆಂದು ಯಾವ ಹಳ್ಳಿಗನೂ ನುಡಿದದ್ದಿಲ್ಲ. ಅದು ಮೇಜಿನ ಮೇಲೆ ಹುಟ್ಟಿದ ತಪ್ಪು. ಜನರು ಮಾಡಿದ ಮಾರ್ಪಾಡಿಗೂ ಗುಮಾಸ್ತೆಯ ಕೈತಪ್ಪಿಗೂ ಒಂದೇ ಮರ್ಯಾದೆ ಸಲ್ಲದು. ಮೇಜಿನ ತಪ್ಪು ಎಷ್ಟು ಗಟ್ಟಿಯೆಂಬದಕ್ಕೆ ಆ ೞಕಾರವೇ ಸಾಕ್ಷಿ: ಗಣಕಯಂತ್ರಗಳ ಯೂನಿಕೋಡ್ ಎಂಬ ಜಾಗತಿಕ ಅಕ್ಷರಪಟ್ಟಿಯಲ್ಲಿ ಅದಕ್ಕೆ ಪ್ರಮಾದದಿಂದ ‘ಫ’ ಎಂದು ನಾಮಕರಣವಾಯಿತು. ತಪ್ಪೆಂದು ಒಪ್ಪಿ ಟಿಪ್ಪಣಿ ಬರೆದಿರುವರು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವದರಿಂದ ಹೆಸರು ಹಾಗೆಯೇ ಇದೆ.

2014 ರ ನವೆಂಬರ್ 1 ರಂದು ಹನ್ನೆರಡು ನಗರಗಳ ಹೆಸರುಗಳನ್ನು ಇಂಗ್ಲಿಷಿನಲ್ಲಿಯೂ ಕನ್ನಡದ ಉಚ್ಚಾರಕ್ಕೆ ಹೊಂದಿಸಿದ್ದು ಸ್ತುತ್ಯವಾದ ಕಾರ್ಯ. ಆದರೂ ಲೆಕ್ಕ ಮಾಡಿ ನೋಡಿರಿ. ಬೆಂಗಳೂರು, ಮಂಗಳೂರು, ಚಿಕ್ಕಮಗಳೂರು, ಹುಬ್ಬಳ್ಳಿ, ಬಳ್ಳಾರಿ, ಬೆಳಗಾವಿ ಈ ಆರರಲ್ಲಿ ಳಕಾರವುಂಟು; ಕಲಬುರಗಿಯಲ್ಲಿ ಮಾತ್ರ ಲಕಾರ. ರೋಮನ್ ಬರಹದಲ್ಲಿ ಏಳಕ್ಕೂ ಒಂದೇ ಅಕ್ಷರ. ವಿದ್ವಾಂಸರು ಳಕಾರಕ್ಕೆ ಅಡಿಚುಕ್ಕೆಯನ್ನಿಟ್ಟು ಬರೆಯುವರು. ಕಚೇರಿಯ ಬರಹದಲ್ಲಿ ಆ ಚುಕ್ಕೆ ಕಾಣುವದು ಅಪರೂಪ.

ಆದ್ದರಿಂದ ಅಧಿಕಾರಿಗಳಲ್ಲಿ ನಮ್ಮ ಬಿನ್ನಹವು ಇಷ್ಟೇ: ಪಹಣಿಯಿರಲಿ, ಮತದಾರರ ಪಟ್ಟಿಯಿರಲಿ, ದಾರಿಯ ಫಲಕವಿರಲಿ, ಊರಿನ ಹೆಸರನ್ನು ಮೊದಲು ಕನ್ನಡದಲ್ಲಿ ನಿಶ್ಚಯಿಸಿ, ಅದರಿಂದ ರೋಮನ್ ರೂಪವನ್ನು ತೆಗೆಯತಕ್ಕದ್ದು. ರೋಮನ್ನಿನಿಂದ ಕನ್ನಡವನ್ನು ಊಹಿಸುವದು ನೆರಳನ್ನು ಅಳೆದು ಮನುಷ್ಯನಿಗೆ ಅಂಗಿ ಹೊಲಿದಂತೆ. ಉಪಾಧ್ಯಾಯರಲ್ಲಿಯೂ ಒಂದು ಮಾತು: ಇಂಗ್ಲಿಷನ್ನು ಕಲಿಸುವಾಗ ಅದರ ಧ್ವನಿಗಳನ್ನು ಅದರ ರೀತಿಯಿಂದ ಕಲಿಸಿರಿ; ಆದರೆ ಮಗುವಿನ ಳಕಾರ ಣಕಾರಗಳು ಸ್ಥಿರವಾಗಿವೆಯೇ ಎಂಬದನ್ನೂ ಕಿವಿಗೊಟ್ಟು ಕೇಳಿರಿ. ತನ್ನ ಊರಿನ ಹೆಸರನ್ನು ಸರಿಯಾಗಿ ನುಡಿದು, ಸರಿಯಾಗಿ ಬರೆಯಬಲ್ಲ ಬಾಲಕನೇ ಪರರ ನುಡಿಯನ್ನೂ ಶುದ್ಧವಾಗಿ ಕಲಿತಾನು. ಹನುಮನಹಳ್ಳಿಯು ಹಳ್ಳಿಯಾಗಿಯೇ ಉಳಿಯಲಿ.