ಮಳೆಯ ಲೆಕ್ಕ, ಹುಣ್ಣಿಮೆಯ ಲೆಕ್ಕ: ಧಾರವಾಡ ಸೀಮೆಯ ಕಾಲಗಣನೆ

ಮುಂಬರುವ ದಿನವನ್ನು ಮೊದಲೇ ಗೊತ್ತುಮಾಡಿಕೊಳ್ಳುವ ಅಗತ್ಯ ಒಕ್ಕಲುತನದಷ್ಟೇ ಹಳೆಯದು. ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ ಭಾಗದ ಎರೆಹೊಲಗಳ ರೈತರು ಇದಕ್ಕಾಗಿ ಎರಡು ಗಣನೆಗಳನ್ನು ಬಳಸುತ್ತಾರೆ. ಬಿತ್ತನೆಗೆ ಸೂರ್ಯನ ನಡೆ ಆಧಾರ. ಹಬ್ಬಗಳಿಗೆ ಚಂದ್ರನ ನಡೆ ಆಧಾರ.

ಸೂರ್ಯನು ವರ್ಷದಲ್ಲಿ 27 ನಕ್ಷತ್ರಗಳನ್ನು ದಾಟುತ್ತಾನೆ. ಒಂದೊಂದರಲ್ಲಿ 13 ಅಥವಾ 14 ದಿನ ಇರುತ್ತಾನೆ. ಮಳೆಗಾಲದಲ್ಲಿ ಈ ಅವಧಿಯೇ ಜನಪದರ ಬಾಯಲ್ಲಿ ಒಂದು ‘ಮಳೆ’. ಹನಿ ಬೀಳಲಿ ಬೀಳದಿರಲಿ, ಮಿರಗ ಎಂದು ಕರೆಯುವ ಮೃಗಶಿರ ಮಳೆ ಜೂನ್ 8ರ ಸುಮಾರಿಗೆ ಆರಂಭವಾಗುತ್ತದೆ. ಆಗ ಬಿತ್ತಿದ ಹೆಸರು ಮಿರಗ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ ಎಂಬ ಐದು ಮಳೆಗಳನ್ನು, ಅಂದರೆ ಸುಮಾರು 70 ದಿನಗಳನ್ನು ಕಳೆದು ಆಗಸ್ಟ್ 17ರ ಸುಮಾರಿನ ಮಘೆಗೆ ಕೊಯ್ಲಿಗೆ ಬರುತ್ತದೆ. ಹೊಲವನ್ನು ಹಸನುಮಾಡಿ ಹಿಂಗಾರಿ ಜೋಳ, ಕಡಲೆ ಬಿತ್ತಲು ಉತ್ತರಿ, ಹಸ್ತ ಮಳೆಗಳವರೆಗೆ ಬಿಡುವು ದೊರೆಯುತ್ತದೆ. ಬಿತ್ತನೆಯೇ ಪುಷ್ಯಕ್ಕೆ ಜಾರಿದರೆ ಕೊಯ್ಲು ಸೆಪ್ಟೆಂಬರ್ 27ರ ಸುಮಾರಿನ ಹಸ್ತಕ್ಕೆ ಬಂದು, ಹಿಂಗಾರಿಯ ಹದವೇ ತಪ್ಪುವ ಭಯವಿರುತ್ತದೆ. ಹೀಗೆ ಮುಂದೆಣಿಸಿ ನೋಡುವುದರಲ್ಲಿ ಒಂದು ವರ್ಷದ ಎರಡು ಬೆಳೆಗಳ ಹಣೆಬರಹ ಅಡಗಿದೆ.

ಹಬ್ಬದ ಲೆಕ್ಕದ ಸ್ವರೂಪ ಬೇರೆ. ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನ. ಆದುದರಿಂದ ಹಬ್ಬಗಳು ವರ್ಷಕ್ಕೆ ಹನ್ನೊಂದು ದಿನಗಳಷ್ಟು ಹಿಂದೆ ಸರಿಯುತ್ತವೆ. ಮೂರು ವರ್ಷಗಳೊಳಗೆ ಬರುವ ಅಧಿಕಮಾಸ ಅವನ್ನು ಮತ್ತೆ ಮುಂದಕ್ಕೆ ತಳ್ಳುತ್ತದೆ. ಎತ್ತುಗಳನ್ನು ಸಿಂಗರಿಸುವ ಕಾರಹುಣ್ಣಿಮೆ 2025ರಲ್ಲಿ ಜೂನ್ 11ಕ್ಕೆ ಬಂದಿತು. 2026ರಲ್ಲಿ ಅಧಿಕ ಜ್ಯೇಷ್ಠವಿರುವುದರಿಂದ ಅದರ ದಿನ ಜೂನ್ 29. ಮಿರಗ ಮಾತ್ರ ಎರಡೂ ವರ್ಷ ಜೂನ್ 8ರ ಆಸುಪಾಸಿನಲ್ಲಿಯೇ ಇದೆ.

ಇಂದು ಜಾಲತಾಣಗಳಿಗೆ ಕ್ರಮವಿಧಿ ಬರೆಯುವವರ ಮುಂದಿರುವುದೂ ಇದೇ ಸಮಸ್ಯೆ. ಗಣಕಯಂತ್ರವು ಸಾಮಾನ್ಯವಾಗಿ 1970ರ ಜನವರಿ 1ರಿಂದ ಕಳೆದ ಕಾಲವನ್ನು ಒಂದೇ ಎಣಿಕೆಯಾಗಿ ಇಟ್ಟುಕೊಳ್ಳುತ್ತದೆ. ಅದಕ್ಕೆ 70 ದಿನ ಕೂಡಿಸುವುದು ಸುಲಭ. ಒಂದು ‘ತಿಂಗಳು’ ಕೂಡಿಸುವುದು ಕಠಿಣ, ಏಕೆಂದರೆ ತಿಂಗಳಿಗೆ ನಿಶ್ಚಿತ ಅಳತೆಯಿಲ್ಲ. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ 2025ರ ಜನವರಿ 31ರ ತಿಂಗಳ ಅಂಕಿಗೆ ಒಂದನ್ನು ಕೂಡಿಸಿದರೆ, ಫೆಬ್ರವರಿಗೆ 31ನೆಯ ದಿನವಿಲ್ಲದ ಕಾರಣ, ಉತ್ತರ ಮಾರ್ಚ್ 3 ಎಂದಾಗುತ್ತದೆ. ಹಾಗೆಯೇ 2025ರ ಕಾರಹುಣ್ಣಿಮೆಗೆ 365 ದಿನ ಕೂಡಿಸಿದರೆ ಸಿಗುವುದು ಅಧಿಕಮಾಸದ ಕೃಷ್ಣಪಕ್ಷದ ಒಂದು ದಿನ. ಅಂದು ಹುಣ್ಣಿಮೆಯೂ ಇಲ್ಲ, ಹಬ್ಬವೂ ಇಲ್ಲ.

ಆದುದರಿಂದ ಮುಂದಿನ ದಿನವನ್ನು ಎಣಿಸುವ ಮೊದಲು, ಅದು ಯಾವ ನಿಯಮಕ್ಕೆ ಕಟ್ಟುಬಿದ್ದಿದೆ ಎಂಬುದನ್ನು ಅರಿಯಬೇಕಾಗುತ್ತದೆ. ಬೆಳೆಯನ್ನು ಮಳೆಗೂ ಹಬ್ಬವನ್ನು ಹುಣ್ಣಿಮೆಗೂ ಕಟ್ಟಿ, ಒಂದರ ಲೆಕ್ಕವನ್ನು ಇನ್ನೊಂದರೊಡನೆ ಬೆರೆಸದೆ ಉಳಿಸಿಕೊಂಡು ಬಂದಿರುವುದು ಈ ಸೀಮೆಯ ಜನಪದರ ಕಾಲಜ್ಞಾನದ ಹಿರಿಮೆಯಾಗಿದೆ.