ಕಲೆಯಲ್ಲಿ ಬಂದಿಯ ದೇಹ

ಸೆರೆ ಎಂಬುದು ಕಣ್ಣಿಗೆ ಕಾಣುವ ವಸ್ತುವಲ್ಲ. ಗೋಡೆ ಕಾಣುತ್ತದೆ, ಕಿಟಕಿಯ ಸರಳು ಕಾಣುತ್ತದೆ, ಕಾಲಿಗೆ ತೊಡಿಸಿದ ಸಂಕೋಲೆಯೂ ಕಾಣುತ್ತದೆ. ಒಬ್ಬ ಮನುಷ್ಯನು ತಾನು ಬಯಸಿದೆಡೆಗೆ ಹೋಗಲಾರನೆಂಬ ಸ್ಥಿತಿ ಮಾತ್ರ ಚಿತ್ರಪಟದ ಮೇಲಾಗಲಿ ಬೆಳ್ಳಿತೆರೆಯ ಮೇಲಾಗಲಿ ತಾನಾಗಿ ಮೂಡುವುದಿಲ್ಲ. ಅದನ್ನು ಕಾಣಿಸಲು ಕಲಾವಿದನಿಗೆ ಕೊನೆಗೂ ಉಳಿಯುವ ಆಧಾರವೆಂದರೆ ಆ ಮನುಷ್ಯನ ದೇಹವೊಂದೇ. ಆದರೆ ಇಲ್ಲೊಂದು ತೊಡಕುಂಟು. ಕಲಾವಿದನು ಬರುವ ಮೊದಲೇ ಬಂದಿಯ ದೇಹವನ್ನು ಇನ್ನೊಂದು ಕಣ್ಣು ನೋಡುತ್ತಿರುತ್ತದೆ. ಅದು ಕಾವಲುಗಾರನ ಕಣ್ಣು. ಬಾಗಿಲಿನ ಕಿಂಡಿಯಲ್ಲಿ ಇಣುಕುವ, ಬಟ್ಟೆ ಕಳಚಿಸಿ ತಪಾಸಣೆ ಮಾಡುವ, ತಲೆಗಳನ್ನು ಎಣಿಸುವ ಕಣ್ಣು. ಬಂದಿಯ ಗಾಯಗಳನ್ನೂ ಎಲುಬುಗಳನ್ನೂ ಹತ್ತಿರದಿಂದ ತೋರಿಸಿ ಕನಿಕರ ಹುಟ್ಟಿಸಬೇಕೆಂದು ಹೊರಟ ಕಲಾವಿದನು ತನಗರಿವಿಲ್ಲದೆ ಅದೇ ಕಿಂಡಿಯ ಬಳಿ ಬಂದು ನಿಲ್ಲುವುದುಂಟು. ಪ್ರೇಕ್ಷಕನೂ ಅವನ ಬೆನ್ನ ಹಿಂದೆ ನಿಲ್ಲುತ್ತಾನೆ.

ಈ ನೋಟವನ್ನೇ ಕಟ್ಟಡವನ್ನಾಗಿ ಮಾಡಬಹುದೆಂದು ಯೋಚಿಸಿದವನು ಇಂಗ್ಲೆಂಡಿನ ಜೆರೆಮಿ ಬೆಂಥಮ್. 1791ರಲ್ಲಿ ಅವನು ಪ್ರಕಟಿಸಿದ ಯೋಜನೆಯಲ್ಲಿ ಕೋಣೆಗಳೆಲ್ಲ ವೃತ್ತಾಕಾರವಾಗಿ ಸುತ್ತುವರಿದಿರುತ್ತವೆ, ನಡುವೆ ಗೋಪುರವಿರುತ್ತದೆ. ಗೋಪುರದಲ್ಲಿದ್ದವನಿಗೆ ಎಲ್ಲ ಬಂದಿಗಳೂ ಕಾಣುತ್ತಾರೆ, ಬಂದಿಗಳಿಗೆ ಅವನು ಕಾಣನು. ಅಲ್ಲಿ ಯಾರೂ ಇಲ್ಲದಿದ್ದರೂ ಇದ್ದಾರೆಂಬ ಅಳುಕು ಸಾಕು. ಬೆಂಗಳೂರಿನ ಹಳೆಯ ಕೇಂದ್ರ ಕಾರಾಗೃಹವು 2008ರಿಂದ ಫ್ರೀಡಂ ಪಾರ್ಕ್ ಎಂಬ ಸಾರ್ವಜನಿಕ ಉದ್ಯಾನವಾಗಿದೆ. ಅದರ ಕಾವಲು ಗೋಪುರವನ್ನು ಕೆಡವದೆ ಉಳಿಸಿಕೊಂಡಿದ್ದಾರೆ. ಅದರ ಬುಡದಲ್ಲಿ ನಿಂತು ತಲೆಯೆತ್ತಿ ನೋಡಿದವರಿಗೆ ಬೆಂಥಮನ ತರ್ಕವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಹಾಗಾದರೆ ಸೆರೆಯನ್ನು ಚಿತ್ರಿಸುವ ಕಲೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ನೋವನ್ನು ಎಷ್ಟು ತೋರಿಸಿದರೆಂಬುದಲ್ಲ, ಎಲ್ಲಿ ನಿಂತು ತೋರಿಸಿದರೆಂಬುದು.

ಗೋಡೆಯಾಗಲಿ ಕಾವಲುಗಾರನಾಗಲಿ ಇಲ್ಲದೆಯೇ ಬಂಧನವನ್ನು ಕಡೆದು ತೋರಿಸಿದವನು ಮೈಕೆಲೇಂಜೆಲೋ. ಪೋಪ್ ಎರಡನೆಯ ಜೂಲಿಯಸನು 1505ರಲ್ಲಿ ತನ್ನ ಸಮಾಧಿಯ ಕೆಲಸವನ್ನು ಈ ಶಿಲ್ಪಿಗೆ ವಹಿಸಿದನು. ಅದರ ಅಂಗವಾಗಿ ಬಂದಿಗಳ ಪ್ರತಿಮೆಗಳ ಒಂದು ಸಾಲೇ ನಿಲ್ಲಬೇಕಾಗಿತ್ತು. 1513ರಲ್ಲಿ ಪೋಪ್ ತೀರಿಕೊಂಡ ಮೇಲೆ ಯೋಜನೆ ಮತ್ತೆ ಮತ್ತೆ ಕುಗ್ಗುತ್ತ ಹೋಗಿ, 1545ರಲ್ಲಿ ಸಮಾಧಿ ಪೂರ್ಣಗೊಂಡಾಗ ಬಂದಿಗಳಿಗೆ ಅಲ್ಲಿ ಸ್ಥಳವೇ ಉಳಿದಿರಲಿಲ್ಲ. ಆ ಸಮಾಧಿಯಿರುವುದು ರೋಮಿನಲ್ಲಿ ಸಂತ ಪೇತ್ರನ ಸಂಕೋಲೆಗಳನ್ನು ಇರಿಸಿ ಪೂಜಿಸುವ ಚರ್ಚಿನಲ್ಲಿ ಎಂಬುದು ವಿಧಿಯ ಪರಿಹಾಸವೇ ಸರಿ. ಸಂಕೋಲೆ ಒಳಗುಳಿಯಿತು, ಬಂದಿಗಳು ಹೊರಗಾದರು. ಬಹುಮಟ್ಟಿಗೆ ಮುಗಿದ ಎರಡು ಪ್ರತಿಮೆಗಳು ಫ್ರಾನ್ಸಿಗೆ ಹೋಗಿ ಇಂದು ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿವೆ. ಅರೆಬರೆ ಕಡೆದ ನಾಲ್ಕು ಫ್ಲಾರೆನ್ಸ್ ನಗರದ ಅಕಾಡೆಮಿಯಾದಲ್ಲಿವೆ.

ಈ ಎರಡು ಗುಂಪುಗಳನ್ನು ಹೋಲಿಸಿ ನೋಡುವುದು ಬೋಧಪ್ರದ. ಲೂವ್ರಿನಲ್ಲಿರುವ ‘ಸಾಯುತ್ತಿರುವ ಬಂದಿ’ಯ ಎದೆಯ ಮೇಲೆ ಒಂದು ಕಿರಿದಾದ ಪಟ್ಟಿಯುಂಟು. ಅಂಥ ಬಲಿಷ್ಠ ದೇಹವನ್ನು ಆ ಪಟ್ಟಿ ಹಿಡಿದಿಡಲಾರದು. ಅದು ಬಂಧನದ ಚಿಹ್ನೆ ಮಾತ್ರ. ನುಣುಪಾದ ಆ ಅಮೃತಶಿಲೆಯ ಮೈಯಲ್ಲಿ ನೋವಿಗಿಂತ ನಿದ್ರೆಯ ಸೊಗಸೇ ಹೆಚ್ಚಾಗಿದೆ, ನೋಡುಗನು ಮೆಚ್ಚಿ ಮುಂದೆ ಹೋಗುತ್ತಾನೆ. ಫ್ಲಾರೆನ್ಸಿನ ನಾಲ್ವರಿಗೆ ಪಟ್ಟಿಯೂ ಬೇಕಾಗಿಲ್ಲ, ಹಗ್ಗವೂ ಬೇಕಾಗಿಲ್ಲ. ಅವರ ಸೆರೆಮನೆ ಕಲ್ಲೇ. ‘ಅಟ್ಲಾಸ್’ ಎಂದು ಹೆಸರಾದ ಪ್ರತಿಮೆಯ ತಲೆ ಇನ್ನೂ ಬಂಡೆಯೊಳಗೇ ಉಳಿದಿದೆ, ತೋಳು ಆ ಭಾರವನ್ನು ಹೊತ್ತಿದೆ. ‘ಎಚ್ಚರಗೊಳ್ಳುತ್ತಿರುವ ಬಂದಿ’ಯ ಎದೆ ಮತ್ತು ತೊಡೆ ಹೊರಬಂದಿವೆ, ಬೆನ್ನು ಬಂದಿಲ್ಲ. ಹಲ್ಲುಳ್ಳ ಉಳಿಯ ಗೀರುಗಳು ಮೈಮೇಲೆಲ್ಲ ಹಾಗೆಯೇ ಇವೆ. ತೊಟ್ಟಿಯ ನೀರಿನಲ್ಲಿ ಮಲಗಿಸಿದ ಆಕೃತಿಯನ್ನು ಮೆಲ್ಲಮೆಲ್ಲನೆ ಮೇಲೆತ್ತಿದಾಗ ಮುಂಭಾಗ ಮೊದಲು ಕಾಣಿಸುವಂತೆ ಈ ಶಿಲ್ಪಿ ಕಲ್ಲಿನಿಂದ ದೇಹವನ್ನು ಬಿಡಿಸುತ್ತಿದ್ದನೆಂದು ಸಮಕಾಲೀನನಾದ ವಸಾರಿ ವಿವರಿಸಿದ್ದಾನೆ. ಇವು ಬೇಕೆಂದೇ ಬಿಟ್ಟವೋ, ಕೆಲಸ ನಿಂತು ಬಿಟ್ಟುಹೋದವೋ ಎಂಬ ವಿವಾದ ಇನ್ನೂ ನಡೆದಿದೆ. ಸಮಾಧಿಯ ಇತಿಹಾಸವನ್ನು ನೋಡಿದರೆ ಎರಡನೆಯದೇ ಸಂಭಾವ್ಯ. ಆದರೂ ಆಕಸ್ಮಿಕವಾಗಿ ಒದಗಿದ್ದು ಉದ್ದೇಶಪೂರ್ವಕವಾದದ್ದನ್ನು ಮೀರಿಸಿತು. ಇಲ್ಲಿ ದೇಹವು ನೋಡುಗನ ಮುಂದೆ ಇಟ್ಟ ಪ್ರದರ್ಶನವಲ್ಲ. ತನ್ನ ಕೆಲಸದಲ್ಲಿ ತಾನು ತೊಡಗಿದೆ.

ಶಿಲ್ಪದಲ್ಲಿ ಕಾವಲುಗಾರನನ್ನು ಬಿಟ್ಟುಬಿಡಬಹುದು. ನಿಜವಾದ ಸೆರೆಮನೆಯ ಚಿತ್ರ ಬರೆಯುವವನಿಗೆ ಆ ಅನುಕೂಲವಿಲ್ಲ. ವಿನ್ಸೆಂಟ್ ವ್ಯಾನ್ ಗೋ 1889ರ ಮೇ ತಿಂಗಳಲ್ಲಿ ತಾನಾಗಿಯೇ ಸೇಂಟ್ ರೆಮಿಯ ಮಾನಸಿಕ ಚಿಕಿತ್ಸಾಲಯವನ್ನು ಸೇರಿದನು. 1890ರ ಫೆಬ್ರವರಿಯಲ್ಲಿ ಅಲ್ಲಿಯೇ ‘ಕೈದಿಗಳ ಸುತ್ತು’ ಎಂಬ ಚಿತ್ರವನ್ನು ಬರೆದನು. ಲಂಡನ್ನಿನ ನ್ಯೂಗೇಟ್ ಸೆರೆಮನೆಯ ಅಂಗಳದಲ್ಲಿ ಕೈದಿಗಳು ವ್ಯಾಯಾಮಕ್ಕಾಗಿ ಸುತ್ತುವುದನ್ನು ಗುಸ್ತಾವ್ ದೋರೆ ಚಿತ್ರಿಸಿದ್ದನು. 1872ರ ಆ ಅಚ್ಚುಚಿತ್ರವೇ ಇದಕ್ಕೆ ಮೂಲ. ಸುತ್ತ ನೀಲಿ ಹಸಿರು ಛಾಯೆಯ ಎತ್ತರದ ಗೋಡೆಗಳು, ನಡುವೆ ಗಾಣದೆತ್ತುಗಳಂತೆ ಸುತ್ತುವ ಬಂದಿಗಳು, ಪಕ್ಕದಲ್ಲಿ ನಿಂತ ಅಧಿಕಾರಿಗಳು. ಗೋಡೆಯ ಮೇಲ್ಭಾಗದಲ್ಲಿ ಬಹಳ ಹುಡುಕಿದರೆ ಕಾಣುವ ಎರಡು ಪುಟ್ಟ ಚಿಟ್ಟೆಗಳು. ಆದರೆ ಚಿತ್ರದ ಪ್ರಾಣ ಅವುಗಳಲ್ಲಿಲ್ಲ. ಮುಂಭಾಗದಲ್ಲಿ ಟೊಪ್ಪಿಗೆಯಿಲ್ಲದ ಒಬ್ಬ ಬಂದಿ ನಡೆಯುತ್ತಲೇ ಮುಖವನ್ನು ಹೊರಕ್ಕೆ ತಿರುಗಿಸಿದ್ದಾನೆ. ಕೆಂಚುಗೂದಲ ಆತನಲ್ಲಿ ಚಿತ್ರಕಾರನ ಮುಖಚ್ಛಾಯೆಯನ್ನು ಹಲವರು ಕಂಡಿದ್ದಾರೆ. ಅದು ಹೇಗೂ ಇರಲಿ, ನೋಡುತ್ತಿದ್ದವನನ್ನು ನೋಡಲ್ಪಡುತ್ತಿದ್ದವನು ತಿರುಗಿ ನೋಡಿದನೆಂಬುದಷ್ಟೇ ಇಲ್ಲಿ ಮುಖ್ಯ.

ಚಲಚ್ಚಿತ್ರಕ್ಕೆ ಬಂದಾಗ ಪ್ರಶ್ನೆ ಇನ್ನಷ್ಟು ಬಿಗಿಯಾಗುತ್ತದೆ. ಕ್ಯಾಮರಾ ಸ್ವಭಾವತಃ ಒಂದು ಕಿಂಡಿ. ಡೆನ್ಮಾರ್ಕಿನ ಕಾರ್ಲ್ ಡ್ರೆಯರ್ 1928ರಲ್ಲಿ ತೆಗೆದ ಜೋನ್ ಆಫ್ ಆರ್ಕ್ ಚಿತ್ರದಲ್ಲಿ ಕೋಟೆಯ ದೊಡ್ಡ ಕಟ್ಟಡವನ್ನು ಬಹಳ ವೆಚ್ಚದಿಂದ ನಿರ್ಮಿಸಿಯೂ ಅದನ್ನು ತೆರೆಯ ಮೇಲೆ ಸರಿಯಾಗಿ ತೋರಿಸದೆ, ಫಾಲ್ಕೊನೆಟ್ಟಿ ಎಂಬ ನಟಿಯ ಮುಖವೊಂದನ್ನೇ ತುಂಬಿದ್ದಾನೆ. (ಬೆಂಕಿಗೆ ಆಹುತಿಯಾಯಿತೆಂದುಕೊಂಡಿದ್ದ ಆ ಚಿತ್ರದ ಮೂಲರೂಪದ ಪ್ರತಿಯೊಂದು 1981ರಲ್ಲಿ ದೊರೆತದ್ದು ನಾರ್ವೆ ದೇಶದ ಒಂದು ಮಾನಸಿಕ ಆಸ್ಪತ್ರೆಯಲ್ಲಿ.) ಮುಖದ ಕಣ್ಣೀರು ಪ್ರೇಕ್ಷಕನನ್ನು ಕರಗಿಸುವುದೇನೋ ನಿಜ; ಆದರೆ ನ್ಯಾಯಾಧೀಶರು ನೋಡುತ್ತಿರುವುದೂ ಅದೇ ಮುಖವನ್ನು.

ಈ ತೊಡಕನ್ನು ಬಿಡಿಸಿದ ಚಿತ್ರವೆಂದರೆ ಫ್ರಾನ್ಸಿನ ರೊಬೆರ್ ಬ್ರೆಸ್ಸೋನ್ 1956ರಲ್ಲಿ ತೆಗೆದ ‘ಮರಣದಂಡನೆಗೊಳಗಾದವನೊಬ್ಬನು ತಪ್ಪಿಸಿಕೊಂಡಿದ್ದಾನೆ’. ಆಂದ್ರೆ ದೆವಿನ್ಯೀ ಎಂಬ ಸೇನಾಧಿಕಾರಿ ಜರ್ಮನರ ವಿರುದ್ಧ ರಹಸ್ಯ ಹೋರಾಟದಲ್ಲಿದ್ದು ಸೆರೆಸಿಕ್ಕಿ, ಲಿಯೋಂ ನಗರದ ಮೊನ್‌ಲ್ಯುಕ್ ಸೆರೆಮನೆಯಿಂದ 1943ರ ಆಗಸ್ಟಿನಲ್ಲಿ ಪಾರಾದವನು. ಅವನ ಅನುಭವಕಥನವೇ ಚಿತ್ರಕ್ಕೆ ಆಧಾರ, ಚಿತ್ರೀಕರಣದಲ್ಲಿ ಸಲಹೆಗಾರನೂ ಅವನೇ. ಬ್ರೆಸ್ಸೋನ್ ಸ್ವತಃ ಯುದ್ಧಕೈದಿಯಾಗಿದ್ದವನು. ನಾಯಕ ಫೋಂತೇನನ ಪಾತ್ರಕ್ಕೆ ಅವನು ಆರಿಸಿಕೊಂಡದ್ದು ಹೆಸರಾಂತ ನಟನನ್ನಲ್ಲ, ತತ್ತ್ವಶಾಸ್ತ್ರದ ವಿದ್ಯಾರ್ಥಿಯೊಬ್ಬನನ್ನು.

ಆರಂಭದ ದೃಶ್ಯವೇ ಚಿತ್ರದ ನಿಲುವನ್ನು ಸ್ಪಷ್ಟಪಡಿಸುತ್ತದೆ. ಬಂದಿಯನ್ನು ಕಾರಿನಲ್ಲಿ ಒಯ್ಯುತ್ತಿದ್ದಾರೆ. ಅವನ ಕೈ ಮೆಲ್ಲನೆ ಬಾಗಿಲಿನ ಹಿಡಿಯತ್ತ ಸರಿಯುತ್ತದೆ. ಕಾರು ನಿಧಾನವಾದೊಡನೆ ಅವನು ಹೊರಕ್ಕೆ ಹಾರುತ್ತಾನೆ. ಕ್ಯಾಮರಾ ಅವನನ್ನು ಹಿಂಬಾಲಿಸದೆ ಖಾಲಿಯಾದ ಆಸನವನ್ನೇ ನೋಡುತ್ತ ಕುಳಿತಿರುತ್ತದೆ. ಗುಂಡಿನ ಸದ್ದು, ಓಡುವ ಹೆಜ್ಜೆಗಳ ಸದ್ದು. ಹಿಡಿದು ತಂದು ಮತ್ತೆ ಅದೇ ಆಸನದಲ್ಲಿ ಕೂರಿಸುತ್ತಾರೆ. ಮುಂದೆ ಸೆರೆಮನೆಯಲ್ಲಿ ಅವನನ್ನು ಬಡಿಯುತ್ತಾರೆ, ಬಡಿಯುವುದು ಕಾಣುವುದಿಲ್ಲ. ರಕ್ತಸಿಕ್ತವಾದ ಅಂಗಿಯನ್ನು ಮಾತ್ರ ಕಾಣುತ್ತೇವೆ. ಹಿಂಸೆಯ ದೃಶ್ಯದಲ್ಲಿ ಇರಬಹುದಾದ ಕೆಟ್ಟ ಆಕರ್ಷಣೆಗೆ ಬ್ರೆಸ್ಸೋನ್ ಎಡೆಯನ್ನೇ ಕೊಡಲಿಲ್ಲ.

ಹಾಗಾದರೆ ತೋರಿಸುವುದೇನನ್ನು? ಕೈಗಳನ್ನು. ಊಟದ ಚಮಚವನ್ನು ಸಿಮೆಂಟು ನೆಲದ ಮೇಲೆ ಉಜ್ಜಿ ಉಳಿಯಂತೆ ಹರಿತಗೊಳಿಸುವ ಕೈ. ಓಕ್ ಮರದ ಬಾಗಿಲಿನ ಹಲಗೆಗಳ ನಡುವಣ ಸಂದನ್ನು ದಿನದಿನವೂ ಕೊರೆಯುವ ಕೈ. ಉದುರಿದ ಹೊಟ್ಟನ್ನು ಗುಡಿಸಿ ಅಡಗಿಸುವ ಕೈ. ಹಾಸಿಗೆಯ ಬಟ್ಟೆಯನ್ನು ಸೀಳಿ, ಮಂಚದ ತಂತಿಯನ್ನು ಸೇರಿಸಿ ಹಗ್ಗ ಹೊಸೆಯುವ ಕೈ. ಕಾಯದಿಂದಲೇ ಕಾಯಕವೆಂಬ ಮಾತು ಹುಟ್ಟಿತೆಂಬುದನ್ನು ಬಲ್ಲ ಕನ್ನಡ ಓದುಗನಿಗೆ ಈ ದೃಶ್ಯಗಳ ಮರ್ಮ ಬೇಗನೆ ಹೊಳೆಯುತ್ತದೆ. ಎಲ್ಲವನ್ನೂ ಕಸಿದುಕೊಂಡ ಮೇಲೂ ಬಂದಿಯ ಬಳಿ ಉಳಿದಿರುವ ಒಂದೇ ಉಪಕರಣ ಅವನ ದೇಹ. ಕಿವಿಯೂ ಕೈಯಷ್ಟೇ ದುಡಿಯುತ್ತದೆ. ಮೆಟ್ಟಿಲ ಕಂಬಿಯ ಮೇಲೆ ಕಾವಲುಗಾರನು ಬೀಗದ ಕೈ ಎಳೆದುಕೊಂಡು ಬರುವ ಸದ್ದು, ದೂರದ ರೈಲಿನ ಸದ್ದು, ಪಕ್ಕದ ಕೋಣೆಯಿಂದ ಗೋಡೆ ತಟ್ಟುವ ಸದ್ದು. ಫೋಂತೇನನಿಗೆ ಕೇಳಿಸಿದಷ್ಟೇ ಪ್ರೇಕ್ಷಕನಿಗೂ ಕೇಳಿಸುತ್ತದೆ, ಅವನು ಅರಿತದ್ದಕ್ಕಿಂತ ಹೆಚ್ಚು ಪ್ರೇಕ್ಷಕನೂ ಅರಿಯನು. ಕಿಂಡಿಯ ಹೊರಗಿದ್ದವನು ಹೀಗೆ ಕೋಣೆಯ ಒಳಗಾಗುತ್ತಾನೆ. ತಪ್ಪಿಸಿಕೊಂಡನೆಂಬುದನ್ನು ಚಿತ್ರದ ಹೆಸರೇ ಮೊದಲು ಹೇಳಿಬಿಟ್ಟಿದ್ದರೂ ಪ್ರತಿಯೊಂದು ಸದ್ದಿಗೂ ಪ್ರೇಕ್ಷಕನು ಉಸಿರು ಬಿಗಿಹಿಡಿಯುವುದು ಇದರಿಂದಲೇ.

ಎಲ್ಲವೂ ಸಿದ್ಧವಾದ ಸಮಯದಲ್ಲಿ ಜೋಸ್ತ್ ಎಂಬ ಹುಡುಗನೊಬ್ಬನನ್ನು ಅದೇ ಕೋಣೆಗೆ ತಂದು ಬಿಡುತ್ತಾರೆ. ಅವನು ಗೂಢಚಾರನಿರಬಹುದು. ಕೊಲ್ಲಬೇಕೋ, ನಂಬಬೇಕೋ? ಅಷ್ಟು ದಿನ ಮರವನ್ನೂ ಬಟ್ಟೆಯನ್ನೂ ಅಳೆದ ಕೈ ಈಗ ಇನ್ನೊಬ್ಬ ಮನುಷ್ಯನನ್ನು ಅಳೆಯಬೇಕಾಗಿದೆ. ಫೋಂತೇನನು ನಂಬುತ್ತಾನೆ. ಕೊನೆಗೆ ಒಂದು ಗೋಡೆಯನ್ನು ಇಬ್ಬರಿಲ್ಲದೆ ಏರಲಾಗುವುದಿಲ್ಲವೆಂಬುದು ತಿಳಿದಾಗ ಆ ನಂಬಿಕೆಯ ಬೆಲೆ ಗೊತ್ತಾಗುತ್ತದೆ.

ಇದಕ್ಕೆ ತೀರ ಬೇರೆಯಾದ ದಾರಿ ಹಿಡಿದದ್ದು ಚಿತ್ರಕಲೆಯ ಲೋಕದಿಂದ ಬಂದ ಸ್ಟೀವ್ ಮೆಕ್ವೀನ್ 2008ರಲ್ಲಿ ತೆಗೆದ ‘ಹಂಗರ್’. ಉತ್ತರ ಐರ್ಲೆಂಡಿನ ಮೇಜ್ ಸೆರೆಮನೆಯಲ್ಲಿ ಉಪವಾಸ ಹೂಡಿ, 66 ದಿನಗಳ ಬಳಿಕ 1981ರ ಮೇ 5ರಂದು ಪ್ರಾಣಬಿಟ್ಟ ಬಾಬಿ ಸ್ಯಾಂಡ್ಸ್‌ನ ಕಥೆ ಇದು. ಆ ಉಪವಾಸದಲ್ಲಿ ಒಟ್ಟು ಹತ್ತು ಮಂದಿ ಸತ್ತರು. ಚಿತ್ರ ಬಂದಿಯಿಂದ ಆರಂಭವಾಗುವುದಿಲ್ಲ. ಕಾವಲುಗಾರನೊಬ್ಬನು ಗೆಣ್ಣುಗಳು ಒಡೆದ ತನ್ನ ಕೈಗಳನ್ನು ನೀರಿನಲ್ಲಿ ಅದ್ದಿ ನಿಂತಿರುತ್ತಾನೆ. ಬಡಿಯುವವನ ದೇಹವೂ ಆ ಗೋಡೆಗಳೊಳಗೆ ಕೆಡುತ್ತದೆಂಬ ಈ ಒಂದು ನೋಟ ಬಹಳ ದೊಡ್ಡದು. ಕೊನೆಯ ಭಾಗದಲ್ಲಿ ಮಾತ್ರ ಕ್ಯಾಮರಾ ಕೃಶವಾಗುತ್ತಿರುವ ದೇಹವನ್ನೂ ಹುಣ್ಣುಗಳನ್ನೂ ಬಿಡದೆ ನೋಡುತ್ತದೆ. ನಟ ಮೈಕೆಲ್ ಫಾಸ್‌ಬೆಂಡರ್ ಇದಕ್ಕಾಗಿ ನಿಜವಾಗಿಯೇ ದೇಹವನ್ನು ಇಳಿಸಿದನು. ಪ್ರೇಕ್ಷಕನು ಆಗ ಸ್ಯಾಂಡ್ಸ್‌ನನ್ನು ಮರೆತು ನಟನ ಪಕ್ಕೆಲುಬುಗಳನ್ನು ಎಣಿಸತೊಡಗುವ ಅಪಾಯವುಂಟು. ತನ್ನ ದೇಹವನ್ನೇ ಜಗತ್ತಿನ ಮುಂದೆ ವಾದವಾಗಿ ಇಟ್ಟವನನ್ನು ಮರೆಮಾಡುವುದು ಸರಿಯಲ್ಲವೆಂಬ ಸಮರ್ಥನೆಗೆ ಬಲವಿದೆ. ಆದರೂ ಗೆಣ್ಣುಗಳ ದೃಶ್ಯ ನೆನಪಿನಲ್ಲಿ ನಿಂತಷ್ಟು ಹುಣ್ಣುಗಳ ದೃಶ್ಯ ನಿಲ್ಲುವುದಿಲ್ಲ.

ದೇಹವನ್ನು ಪೂರ್ತಿಯಾಗಿ ಕಣ್ಮರೆಯಲ್ಲಿಟ್ಟ ಚಿತ್ರ ನಮ್ಮ ನೆರೆಯ ಮಲೆಯಾಳದ್ದು. ವೈಕಂ ಮುಹಮ್ಮದ್ ಬಷೀರರು ಸ್ವಾತಂತ್ರ್ಯಪೂರ್ವದಲ್ಲಿ ತಿರುವನಂತಪುರದ ಸೆರೆಮನೆಯಲ್ಲಿದ್ದವರು. ಆ ದಿನಗಳನ್ನು ಆಧರಿಸಿ ಬರೆದ ‘ಮದಿಲುಗಳ್’, ಎಂದರೆ ಗೋಡೆಗಳು, ಎಂಬ ಕಿರುಕಾದಂಬರಿಯನ್ನು ಅಡೂರ್ ಗೋಪಾಲಕೃಷ್ಣನ್ ಅವರು ಚಲಚ್ಚಿತ್ರವಾಗಿಸಿದರು. ಅದು 1990ರಲ್ಲಿ ತೆರೆಕಂಡಿತು. ಬಷೀರರಾಗಿ ಮಮ್ಮೂಟ್ಟಿ ಅಭಿನಯಿಸಿದ್ದಾರೆ. ಜೊತೆಯ ರಾಜಕೀಯ ಬಂದಿಗಳಿಗೆಲ್ಲ ಬಿಡುಗಡೆಯಾಗುತ್ತದೆ, ಬಷೀರರ ಹೆಸರು ಮಾತ್ರ ಪಟ್ಟಿಯಲ್ಲಿಲ್ಲ. ಬರಿದಾದ ಸೆರೆಮನೆಯಲ್ಲಿ ಅವರು ಗುಲಾಬಿ ಗಿಡಗಳನ್ನು ನೋಡಿಕೊಂಡು ತಿರುಗುತ್ತಿರುವಾಗ ಎತ್ತರದ ಗೋಡೆಯ ಆಚೆಯಿಂದ ಹೆಂಗಸೊಬ್ಬಳ ನಗು ಕೇಳಿಸುತ್ತದೆ. ಅದು ಹೆಣ್ಣುಬಂದಿಗಳ ಅಂಗಳ. ಅವಳು ನಾರಾಯಣಿ. ಮಾತು ಬೆಳೆಯುತ್ತದೆ. ಅವಳು ಗುಲಾಬಿಯ ಗಿಡ ಕೇಳುತ್ತಾಳೆ, ಇವರು ಗೋಡೆಯ ಮೇಲಿಂದ ಎಸೆಯುತ್ತಾರೆ. ತಾನು ಬಂದಿದ್ದೇನೆಂದು ತಿಳಿಸಲು ಅವಳು ಒಣಕಡ್ಡಿಯೊಂದನ್ನು ಆಕಾಶಕ್ಕೆ ಎಸೆಯಬೇಕೆಂಬುದು ಇಬ್ಬರ ಒಪ್ಪಂದ.

ಅಡೂರರ ಕ್ಯಾಮರಾ ಒಮ್ಮೆಯೂ ಗೋಡೆಯನ್ನು ದಾಟುವುದಿಲ್ಲ. ದಾಟಿಸುವುದೇನೂ ಕಷ್ಟವಿರಲಿಲ್ಲ, ಹೆಸರಾಂತ ನಟಿಯೊಬ್ಬಳನ್ನು ಆಚೆ ನಿಲ್ಲಿಸಿದ್ದರೆ ಚಿತ್ರಮಂದಿರಗಳವರೂ ಸಂತೋಷಪಡುತ್ತಿದ್ದರು. ನಾರಾಯಣಿಗೆ ದೊರೆತದ್ದು ಕೆ.ಪಿ.ಎ.ಸಿ. ಲಲಿತಾ ಅವರ ದನಿ ಮಾತ್ರ. ಆ ದನಿಯಲ್ಲಿ ವಯಸ್ಸಿದೆ, ಆಸೆಯಿದೆ, ಚೇಷ್ಟೆಯಿದೆ, ವರ್ಷಗಳ ಒಂಟಿತನವಿದೆ. ಗೋಡೆಗೆ ಕಿವಿಯೊಡ್ಡಿ ನಿಂತ ಬಷೀರರ ಮುಖದಲ್ಲಿ ಅವಳ ಇಡೀ ಆಕೃತಿ ಮೂಡುತ್ತದೆ. ಅವಳನ್ನು ಅಳೆಯಲು, ಎಣಿಸಲು, ಕನಿಕರಿಸಲು ಯಾವ ಕಣ್ಣಿಗೂ ಅವಕಾಶವಿಲ್ಲ.

ಸೆರೆಮನೆಯ ಆಸ್ಪತ್ರೆಯಲ್ಲಿ ಹೇಗಾದರೂ ಒಬ್ಬರನ್ನೊಬ್ಬರು ಕಾಣಬೇಕೆಂದು ಅವರಿಬ್ಬರೂ ದಿನ ಗೊತ್ತುಮಾಡುತ್ತಾರೆ. ಆ ದಿನ ಬರುವ ಮೊದಲೇ ಬಷೀರರ ಬಿಡುಗಡೆಯ ಆಜ್ಞೆ ಬರುತ್ತದೆ. ಅವಳಿಗೆ ಹೇಳಿಹೋಗಲು ಉಪಾಯವಿಲ್ಲ. ಅದೇ ಹೊತ್ತಿನಲ್ಲಿ ಗೋಡೆಯ ಆಚೆಯಿಂದ ಒಣಕಡ್ಡಿಯೊಂದು ಮೇಲೇಳುತ್ತದೆ, ಬೀಳುತ್ತದೆ, ಮತ್ತೆ ಮೇಲೇಳುತ್ತದೆ.