ರೌಟರಿನ ಪಾಳಿಯಲ್ಲಿ ಯಾರು ಕಾಯಬೇಕು?

ಚಿಕ್ಕೋಡಿ ಸೀಮೆಯಲ್ಲಿ ಕಬ್ಬು ನುರಿಸುವ ಹಂಗಾಮು ಬಂತೆಂದರೆ ಕಾರ್ಖಾನೆಗಳ ಮುಂದೆ ಟ್ರ್ಯಾಕ್ಟರ್ ಪಾಳಿ. ಮೊದಲು ಬಂದವರಿಗೆ ಮೊದಲು ಎಂದರೆ ನ್ಯಾಯ ಅನ್ನಿಸುತ್ತದೆ. ಆದರೆ ಒಬ್ಬನೇ ಐವತ್ತು ಟ್ರೇಲರ್ ತಂದು ನಿಲ್ಲಿಸಿದರೆ? ಹಿಂದೆ ಒಂದೇ ಟ್ರೇಲರ್ ತಂದವನ ಕಬ್ಬು ಒಣಗಿ ತೂಕ ಕಳೆದುಕೊಳ್ಳುತ್ತದೆ.

ನಮ್ಮನೆ ರೌಟರಿನಲ್ಲಿ ಆದದ್ದೂ ಇದೇ. ಅವ್ವ ವಿಡಿಯೊ ಕಾಲ್‌ನಲ್ಲಿ ಡಾಕ್ಟರ ಜತೆ ಮಾತಾಡುವಾಗ ಧ್ವನಿ ತುಂಡಾಗತೊಡಗಿತು. ‘ನೆಟ್ ಸ್ಲೋ ಐತಿ, ದೊಡ್ಡ ಪ್ಲಾನ್ ಹಾಕ್ಸು’ ಅಂದ ತಮ್ಮ. ನೋಡಿದರೆ ಅವನ ಫೋನೇ ಮದುವೆ ವಿಡಿಯೊಗಳನ್ನು ಅಪ್‌ಲೋಡ್ ಮಾಡುತ್ತಿತ್ತು.

ಲೆಕ್ಕ ಹಾಕಿ. 1500 ಬೈಟಿನ 1000 ಪ್ಯಾಕೆಟ್‌ಗಳು ಪಾಳಿಯಲ್ಲಿದ್ದು, ಅಪ್‌ಲೋಡ್ ವೇಗ 10 ಎಂಬಿಪಿಎಸ್ ಇದ್ದರೆ, ಕೊನೆಯದು 1.2 ಸೆಕೆಂಡ್ ಕಾಯಬೇಕು. ಮಾತುಕತೆ ಸರಾಗವಾಗಿರಲು ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್ ದಾಟಬಾರದು ಎನ್ನುತ್ತದೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು.

ಹಾಗಾದರೆ ಯಾವ ಪಾಳಿ ಒಳ್ಳೆಯದು? ಬಂದ ಕ್ರಮದಲ್ಲೇ ಕಳಿಸುವ ‘ಫೈಫೊ’ ಸರಳ. ದಟ್ಟಣೆಯಿಲ್ಲದ ಕಡೆ ಅದೇ ಸಾಕು. ‘ಪ್ರಯಾರಿಟಿ’ ಪದ್ಧತಿಯಲ್ಲಿ ಧ್ವನಿಯ ಪ್ಯಾಕೆಟ್ ಆಂಬುಲೆನ್ಸಿನಂತೆ ಮುಂದೆ ಹೋಗುತ್ತದೆ. ಮಿತಿ ಹಾಕದಿದ್ದರೆ ಉಳಿದವು ಕಾಯುತ್ತಲೇ ಇರುತ್ತವೆ. ‘ಫೇರ್ ಕ್ಯೂ’ ಪ್ರತಿ ಸಂಪರ್ಕಕ್ಕೂ ಬೇರೆ ಪಾಳಿ ಹಚ್ಚಿ, ಒಂದೊಂದರಿಂದ ಸರದಿಯಂತೆ ಎತ್ತುತ್ತದೆ. ಐವತ್ತು ಟ್ರೇಲರಿನವನಿಗೂ ಒಂದೇ ಬಾಗಿಲು.

2018ರಲ್ಲಿ ಆರ್‌ಎಫ್‌ಸಿ 8290 ಆಗಿ ಪ್ರಕಟವಾದ ‘ಎಫ್‌ಕ್ಯೂ-ಕೋಡೆಲ್’ ಇದಕ್ಕೆ ಇನ್ನೊಂದು ಉಪಾಯ ಸೇರಿಸುತ್ತದೆ. ಕಾಯುವ ಹೊತ್ತು 100 ಮಿಲಿಸೆಕೆಂಡ್‌ವರೆಗೂ 5 ಮಿಲಿಸೆಕೆಂಡಿಗಿಂತ ಇಳಿಯದಿದ್ದರೆ ಪ್ಯಾಕೆಟ್ ಬೀಳಿಸುತ್ತದೆ. ಕಳಿಸುವವನಿಗೆ ‘ನಿಧಾನ ಮಾಡಪಾ’ ಎಂಬ ಸೂಚನೆ ಅದು. ಮನೆ, ಸಣ್ಣ ಕಚೇರಿ, ಪಂಚಾಯ್ತಿಗೆ ನನ್ನ ಆಯ್ಕೆ ಇದೇ.

ಒಂದು ಮಾತು ನೆನಪಿರಲಿ: ಇಕ್ಕಟ್ಟು ಇರುವ ಬಾಗಿಲಲ್ಲೇ ಇದನ್ನು ಹಾಕಬೇಕು. ರೌಟರಿನಲ್ಲಿ ಅಪ್‌ಲೋಡ್ ಮಿತಿಯನ್ನು ನಿಜವಾದ ವೇಗಕ್ಕಿಂತ ತುಸು ಕೆಳಗೆ, 10ಕ್ಕೆ 9ರಂತೆ, ಇಟ್ಟೆ. ಇಲ್ಲದಿದ್ದರೆ ಪಾಳಿ ನಮ್ಮ ಕೈಗೆ ಸಿಗದ ಮೋಡೆಮ್‌ನೊಳಗೆ ಬೆಳೆಯುತ್ತದೆ.

ಪ್ಲಾನ್ ಬದಲಿಸಲಿಲ್ಲ. ಮುಂದಿನ ಸಲ ತಮ್ಮನ ವಿಡಿಯೊಗಳು ಹೋಗುತ್ತಲೇ ಇದ್ದವು. ಅವ್ವನ ಮಾತು ಡಾಕ್ಟರಿಗೆ ಪೂರ್ತಿ ಕೇಳಿಸಿತು. ವೇಗ ಕೊಳ್ಳುವ ಮೊದಲು ಪಾಳಿ ಸರಿಮಾಡಿ. ಯಾರು ಕಾಯಬೇಕೆಂದು ನೀವು ತೀರ್ಮಾನಿಸದಿದ್ದರೆ, ಹೆಚ್ಚು ನುಗ್ಗುವವನೇ ತೀರ್ಮಾನಿಸುತ್ತಾನೆ.